ಒಣ ನೆಲದ ಸಿಹಿ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ತಿನಿಸು ಪಾನೀಯಗಳು

ಧಾರವಾಡಕ್ಕೆ ಪೇಢೆ, ಬೆಳಗಾವಿಗೆ ಕುಂದಾ, ಗೋಕಾಕ ಮತ್ತು ಅಮೀನಗಡಗಳಿಗೆ ಕರದಂಟು. ಉತ್ತರ ಕರ್ನಾಟಕದ ಊರುಗಳನ್ನು ಅವುಗಳ ಸಿಹಿಯಿಂದ ಗುರುತಿಸುವ ರೂಢಿ ಬಹುಕಾಲದ್ದು. ಈ ಸಾಲಿನಲ್ಲಿ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹೆಸರು ಬರುವುದಿಲ್ಲ. ಬಸ್ ನಿಲ್ದಾಣದಲ್ಲಿ ಇಳಿದ ಪರಊರಿನವನು ಮನೆಗೆ ಕಟ್ಟಿಸಿಕೊಂಡು ಹೋಗಲು 'ಈ ಊರಿನದೇ' ಎನ್ನಬಹುದಾದ ಪೊಟ್ಟಣವೊಂದನ್ನು ಕೇಳಿದರೆ ಅಂಗಡಿಯವನು ಧಾರವಾಡದ ಪೇಢೆಯನ್ನೋ ಅಮೀನಗಡದ ಕರದಂಟನ್ನೋ ತೋರಿಸಬಹುದು. ಇದರಿಂದ ಈ ಸೀಮೆಗೆ ಬೀದಿಯ ತಿನಿಸಿನ ಚರಿತ್ರೆಯೇ ಇಲ್ಲವೆಂದು ತಿಳಿಯುವುದು ತಪ್ಪಾಗುತ್ತದೆ. ಇಲ್ಲಿಯ ಸಿಹಿ ಒಂದು ಊರಿನ, ಒಂದು ಮನೆತನದ, ಒಂದು ಅಂಗಡಿಯ ಹೆಸರಿಗೆ ಅಂಟಿಕೊಳ್ಳಲಿಲ್ಲ. ಜಾತ್ರೆ, ಸಂತೆ ಮತ್ತು ದಾರಿಗೆ ಅಂಟಿಕೊಂಡಿತು. ಅದು ಹೀಗಾದುದಕ್ಕೆ ಎರಡು ಕಾರಣಗಳಿವೆ. ಒಂದು ನೀರಿನ ಕೊರತೆ. ಇನ್ನೊಂದು, ಆ ನೀರನ್ನು ಯಾರು ಯಾರ ಕೈಯಿಂದ ಕುಡಿಯಬಹುದೆಂಬ ಕಟ್ಟಳೆ. ಇವೆರಡನ್ನೂ ಜೊತೆಯಾಗಿ ನೋಡಿದಾಗ ಬೀದಿಗೆ ಬಂದ ತಿನಿಸಾವುದು, ಮನೆಯಲ್ಲಿಯೇ ಉಳಿದ ತಿನಿಸಾವುದು ಎಂಬುದು ತಿಳಿಯಾಗುತ್ತದೆ.

ನಾಲ್ಕು ತಾಲೂಕುಗಳ ನೆಲ ಬಹುಮಟ್ಟಿಗೆ ಎರೆ ಭೂಮಿ. ಉತ್ತರದಲ್ಲಿ ಇಂಡಿ, ಸಿಂದಗಿಗಳ ಅಂಚಿಗೆ ಭೀಮೆ, ದಕ್ಷಿಣದಲ್ಲಿ ಬಾಗೇವಾಡಿ, ಮುದ್ದೇಬಿಹಾಳಗಳ ಅಂಚಿಗೆ ಕೃಷ್ಣೆ, ನಡುವೆ ಡೋಣಿ. 2018ರ ಆಸುಪಾಸಿನಲ್ಲಿ ಚಡಚಣ, ತಾಳಿಕೋಟಿ, ನಿಡಗುಂದಿ, ದೇವರ ಹಿಪ್ಪರಗಿ ಮೊದಲಾದವು ಬೇರೆ ತಾಲೂಕುಗಳಾದರೂ ಊಟ ತಿಂಡಿಯ ವಿಷಯದಲ್ಲಿ ಸೀಮೆ ಒಂದೇ. ಎರಡು ದೊಡ್ಡ ನದಿಗಳ ನಡುವೆ ಇದ್ದರೂ ನೆಲದ ಹೆಸರು ಬರದ ಜೊತೆಗೇ ಬೆಸೆದುಕೊಂಡಿದೆ. 1791–92ರ ಡೋಗಿ ಬರ ಮತ್ತು 1876–78ರ ಮಹಾಕ್ಷಾಮಗಳು ಈ ಭಾಗವನ್ನು ಬರಿದು ಮಾಡಿದವು. ಡೋಣಿ ಹರಿದ ವರ್ಷ ಓಣಿಯೆಲ್ಲ ಜೋಳ ಎಂಬ ಗಾದೆಯಲ್ಲಿ ಹಿಗ್ಗಿನಷ್ಟೇ ಅಳುಕೂ ಇದೆ. ಡೋಣಿ ಹರಿಯದ ವರ್ಷದ ನೆನಪು ಅದರ ಬೆನ್ನಿಗೇ ಇರುತ್ತದೆ. ಹಿಂಗಾರಿನ ಬೆಳೆಗಳಾದ ಬಿಳಿಜೋಳ, ಕಡಲೆ, ಕುಸುಬೆ, ಗೋಧಿಗಳೇ ಇಲ್ಲಿಯ ಊಟದ ಆಧಾರ. ಮಳೆ ನಿಂತ ಮೇಲೆ ನೆಲದಲ್ಲಿ ಉಳಿದ ತೇವ ಮತ್ತು ರಾತ್ರಿಯ ಇಬ್ಬನಿ ಇವನ್ನು ಬೆಳೆಸುತ್ತವೆ. ಬೆಳೆಯೇ ಇಷ್ಟು ಕಡಿಮೆ ನೀರಿನದಾದಾಗ ತಿನಿಸು ಹೆಚ್ಚು ನೀರಿನದಾಗಲಾರದು.

ಈ ಪ್ರದೇಶದ ಆಹಾರದ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಮೂರು ಗ್ರಂಥಗಳಿಂದ ತೊಡಗುತ್ತಾರೆ. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಕವಿ ಚಾವುಂಡರಾಯ ರಚಿಸಿದ 'ಲೋಕೋಪಕಾರ'ದಲ್ಲಿ ಸೂಪಶಾಸ್ತ್ರಕ್ಕೆ ಮೀಸಲಾದ ಭಾಗವಿದೆ. ಅದೇ ವಂಶದ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' 1129ರ ಹೊತ್ತಿನ ಸಂಸ್ಕೃತ ಗ್ರಂಥ. ಅದರ ಅನ್ನಭೋಗ, ಪಾನೀಯಭೋಗ ಪ್ರಕರಣಗಳಲ್ಲಿ ಹೋಳಿಗೆಯ ಪೂರ್ವರೂಪವೆನ್ನಬಹುದಾದ ಪೋಲಿಕಾ, ಮಂಡಕ, ವಟಕ, ಇಡ್ಡರಿಕಾ, ಪೂರಿಕಾ ಮೊದಲಾದ ಭಕ್ಷ್ಯಗಳೂ ಪಾನಕಗಳೂ ಸುವಾಸನೆ ಕಟ್ಟಿದ ನೀರೂ ಬರುತ್ತವೆ. ಮೂರನೆಯದು 1508ರ ಸುಮಾರಿಗೆ ಮೂರನೆಯ ಮಂಗರಸ ಷಟ್ಪದಿಯಲ್ಲಿ ಬರೆದ 'ಸೂಪಶಾಸ್ತ್ರ'. ಮಂಗರಸ ಜೈನ. ಹಿಟ್ಟಿನ ಭಕ್ಷ್ಯಗಳಿಗೆ ಒಂದು ಅಧ್ಯಾಯ, ಪಾನಕಗಳಿಗೆ ಇನ್ನೊಂದು ಅಧ್ಯಾಯ ಎಂದು ವಿಂಗಡಿಸಿದ ಆತನ ಕ್ರಮ ಇಂದಿಗೂ ಓದುಗನಿಗೆ ಅನುಕೂಲಕರ.

ಆದರೆ ಈ ಮೂರೂ ಗ್ರಂಥಗಳು ಅರಮನೆಯ ಅಥವಾ ಉಳ್ಳವರ ಮನೆಯ ಅಡುಗೆಗೆ ಸೇರಿದವು. ಮಾನಸೋಲ್ಲಾಸದ ಅರಸನು ಯಾವ ಪಾತ್ರೆಯ ನೀರು ಕುಡಿಯಬೇಕೆಂದು ಗ್ರಂಥ ಹೇಳುತ್ತದೆ. ಅದೇ ಅರಸನ ರಾಜ್ಯದಲ್ಲಿ ಎತ್ತಿನ ಹಿಂದೆ ನಡೆಯುತ್ತಿದ್ದ ಹೇರಿನವನು ಏನು ತಿಂದು ಏನು ಕುಡಿದನೆಂಬುದನ್ನು ಹೇಳುವುದಿಲ್ಲ. ಬೀದಿಯನ್ನು ಹುಡುಕುವವನು ಶಾಸನಗಳತ್ತ ತಿರುಗಬೇಕಾಗುತ್ತದೆ. ಎಲೆ, ಅಡಕೆ, ಮೆಣಸು, ಬೆಲ್ಲ, ಎಣ್ಣೆಗಳ ಹೇರುಗಳ ಮೇಲಿನ ಸುಂಕವನ್ನು ದೇವಾಲಯಗಳಿಗೆ ಬಿಟ್ಟುಕೊಟ್ಟ ಉಲ್ಲೇಖಗಳು ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೇರಳವಾಗಿವೆ. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರೆರೆಯುವ ಅರವಟ್ಟಿಗೆಗಳಿಗೆ ದತ್ತಿ ಬಿಟ್ಟ ಶಾಸನಗಳೂ ಕನ್ನಡನಾಡಿನಲ್ಲಿವೆ. ಬೆಲ್ಲ ಮಾರಾಟದ ಸರಕಾಗಿಯೂ ನೀರು ದಾನದ ವಸ್ತುವಾಗಿಯೂ ಕಾಣಿಸಿಕೊಳ್ಳುವುದು ಗಮನಿಸತಕ್ಕದ್ದು. ಈ ಭೇದ ಮುಂದೆ ಒಂಬೈನೂರು ವರ್ಷ ಉಳಿದುಕೊಂಡಿತು.

ಇಂಡಿ ತಾಲೂಕಿನ ಸಾಲೋಟಗಿಯ ಸ್ತಂಭಶಾಸನ ಇನ್ನೂ ಹಳೆಯದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, 945ರ ಈ ಶಾಸನ ಪಾವಿಟ್ಟಗೆ ಎಂಬ ಅಗ್ರಹಾರದಲ್ಲಿ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಯನ್ನು ದಾಖಲಿಸುತ್ತದೆ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ವಸತಿಗಳಿದ್ದವು. ಊರಿನಲ್ಲಿ ಮದುವೆ, ಉಪನಯನ, ಚೌಲಗಳು ನಡೆದಾಗ ಶಾಲೆಗೆ ಕಾಣಿಕೆ ಸಲ್ಲಬೇಕಿತ್ತು. ಪರಊರಿನಿಂದ ಬಂದವರ ಊಟದ ವ್ಯವಸ್ಥೆ ಈ ನೆಲದಲ್ಲಿ ಹತ್ತನೆಯ ಶತಮಾನದಲ್ಲಿಯೇ ಸಾರ್ವಜನಿಕ ವಿಷಯವಾಗಿತ್ತು. ಆದರೆ ಆ 'ಸಾರ್ವಜನಿಕ'ವು ಒಂದು ವರ್ಣದ ಅಂಗಳದೊಳಗೇ ಮುಗಿಯುತ್ತಿತ್ತು ಎಂಬುದನ್ನೂ ಮರೆಯಬಾರದು.

ಆ ಅಂಗಳವನ್ನು ದಾಟಿದವನು ಬಾಗೇವಾಡಿಯಿಂದ ಹೊರಟ ಬಸವಣ್ಣ. ಅಗ್ರಹಾರವನ್ನು ತೊರೆದು ಸಂಗಮಕ್ಕೆ ನಡೆದ ಆತನ ಚರಿತೆಯನ್ನು ಹರಿಹರನ ರಗಳೆಯಿಂದ ಮೊದಲುಗೊಂಡು ಅನೇಕ ಕಾವ್ಯಗಳು ಹೇಳಿವೆ. ಅಲ್ಲೆಲ್ಲ ಬಿಕ್ಕಟ್ಟು ತಲೆದೋರುವುದು ಊಟದಲ್ಲಿ. ಅಂತ್ಯಜನೆನಿಸಿದ ನಾಗಿದೇವನ ಮನೆಯಲ್ಲಿ ಬಸವಣ್ಣ ಪ್ರಸಾದ ಸ್ವೀಕರಿಸಿದನೆಂಬ ದೂರು ಬಿಜ್ಜಳನ ಓಲಗಕ್ಕೆ ಹೋಗುತ್ತದೆ. ಮಾದಾರ ಚೆನ್ನಯ್ಯನ ಅಂಬಲಿಯನ್ನು ಶಿವನೇ ಮೆಚ್ಚಿ ಉಂಡ ಕಥೆಯೂ ಇದೇ ಪರಂಪರೆಯದು. ಕಥೆ ಅಂಬಲಿಯನ್ನು ಆರಿಸಿಕೊಂಡದ್ದು ಆಕಸ್ಮಿಕವಾಗಿರಲಾರದು. ಒಣಕಾಳನ್ನೋ ಹಣ್ಣನ್ನೋ ಚೆನ್ನಯ್ಯ ನೀಡಿದ್ದರೆ ಕಥೆಗೆ ಈ ಬಿಗಿ ಬರುತ್ತಿರಲಿಲ್ಲ. ಹಸಿಯ ಪದಾರ್ಥವನ್ನು ಯಾರಿಂದಲೂ ಪಡೆಯಬಹುದೆಂದು ಶಾಸ್ತ್ರವೇ ಒಪ್ಪುತ್ತಿತ್ತು. ನೀರು ಬೆರೆತು, ಒಲೆಯ ಮೇಲೆ ಬೆಂದು, ಅವನ ಗಡಿಗೆಯಲ್ಲಿಯೇ ಇದ್ದ ಅಂಬಲಿ ಮಾತ್ರ ಕಟ್ಟಳೆಯ ಅತ್ಯಂತ ಬಿಗಿಯಾದ ಗಂಟನ್ನು ಮುಟ್ಟುತ್ತದೆ. ಶರಣರ ನಡುವೆ ಹೆಂಡ ಮಾರುವ ಕಾಯಕದ ಹೆಂಡದ ಮಾರಯ್ಯನೂ ವಚನಕಾರನಾಗಿ ಇದ್ದನೆಂಬುದನ್ನು ಇಲ್ಲಿಯೇ ನೆನೆಯಬಹುದು. ಬೀದಿಯಲ್ಲಿ ಪಾನೀಯ ಮಾರುವವನೊಬ್ಬನ ಹೆಸರು ಕನ್ನಡ ಸಾಹಿತ್ಯದಲ್ಲಿ ಗೌರವದಿಂದ ದಾಖಲಾದ ಅಪರೂಪದ ಪ್ರಸಂಗ ಅದು.

ಬಾಗೇವಾಡಿ ಬಿಟ್ಟು ನಾಲ್ಕು ಶತಮಾನ ಮುಂದೆ ಬಂದರೆ ದೃಶ್ಯ ಪೂರ್ತಿ ಬದಲಾಗುತ್ತದೆ. ವಿಜಯಪುರ ಆದಿಲಶಾಹಿಗಳ ರಾಜಧಾನಿಯಾಗಿ ಬೆಳೆದು, 1565ರಲ್ಲಿ ಮುದ್ದೇಬಿಹಾಳ ಸೀಮೆಯ ರಕ್ಕಸಗಿ, ತಂಗಡಗಿಗಳ ಹೆಸರು ಹೊತ್ತ ಯುದ್ಧದ ನಂತರ ದಖ್ಖನಿನ ಅತಿ ಸಂಪನ್ನ ಪಟ್ಟಣಗಳಲ್ಲಿ ಒಂದಾಯಿತು. ಅಕ್ಬರನ ರಾಯಭಾರಿ ಅಸದ್ ಬೇಗ್ 1603–04ರ ಹೊತ್ತಿಗೆ ಇಲ್ಲಿಗೆ ಬಂದವನು. ಆತನ ಬರವಣಿಗೆಯಲ್ಲಿ ವಿಜಯಪುರದ ಪೇಟೆಯ ಬೆರಗಿನ ವರ್ಣನೆಯಿದೆ: ಎರಡು ಕೋಸು ಉದ್ದದ ಅಗಲವಾದ ಬೀದಿ, ಆಭರಣದ ಅಂಗಡಿಯ ಪಕ್ಕದಲ್ಲಿ ಆಯುಧದ ಅಂಗಡಿ, ಅದರ ಬಳಿ ರೊಟ್ಟಿಯವನು, ಮೀನಿನವನು, ಗಾಜಿನ ಬುದ್ದಲಿಗಳಲ್ಲಿ ಮದ್ಯವಿಟ್ಟವನು, ಮುಂದೆ ಹಣ್ಣು, ಮಿಠಾಯಿ, ಪಿಸ್ತಾ, ಬಾದಾಮಿ, ಕಲ್ಲುಸಕ್ಕರೆ ಜೋಡಿಸಿದ ಅಂಗಡಿ. ಅಕ್ಬರನಿಗೆ ತಂಬಾಕನ್ನು ಕೊಂಡೊಯ್ದು ತೋರಿಸಿದವನೂ ಇದೇ ಅಸದ್ ಬೇಗ್. ಅದು ಅವನಿಗೆ ಸಿಕ್ಕಿದ್ದು ವಿಜಯಪುರದಲ್ಲಿಯೇ. ರಾಜಧಾನಿಯ ಈ ಪೇಟೆಗೂ ಒಂದೆರಡು ದಿನದ ಹಾದಿಯ ಇಂಡಿ, ಬಾಗೇವಾಡಿಗಳ ಸಂತೆಗೂ ಅಂತರ ಬಹಳವಿತ್ತು. ಪಿಸ್ತಾ ಸಂತೆಗೆ ಬರಲಿಲ್ಲ. ಬಂದದ್ದು ಪದಗಳು, ಅವುಗಳ ಬೆನ್ನಿಗೆ ಅಗ್ಗವಾದ ರೂಪದಲ್ಲಿ ಪದಾರ್ಥಗಳು. ಹಲವಾ, ಶರಬತ್ತು, ಜಿಲೇಬಿ, ಬರ್ಫಿ, ಮಿಠಾಯಿ ಎಂಬ ಶಬ್ದಗಳು ಈ ಸೀಮೆಯ ಕನ್ನಡದಲ್ಲಿ ಎಷ್ಟು ಸಹಜವಾಗಿವೆಯೆಂದರೆ ಅವುಗಳ ಪರದೇಶಿತನ ಯಾರಿಗೂ ತೋರುವುದಿಲ್ಲ.

ಜಿಲೇಬಿಯ ಪಯಣವನ್ನು ಸ್ವಲ್ಪ ನಿಂತು ನೋಡಬೇಕು. ಬಾಗ್ದಾದಿನಲ್ಲಿ ಹತ್ತನೆಯ ಶತಮಾನದಲ್ಲಿ ರಚಿತವಾದ ಅಲ್-ವರ್ರಾಕನ ಪಾಕಗ್ರಂಥದಲ್ಲಿ 'ಝಲಾಬಿಯಾ' ಇದೆ. ಅದೇ ಹೆಸರಿನ, ಹುದುಗಿದ ಹಿಟ್ಟನ್ನು ಕರಿದು ಪಾಕದಲ್ಲಿ ಅದ್ದಿದ ಸಿಹಿ ಕೈರೋದಿಂದ ಟ್ಯೂನಿಸ್‌ವರೆಗೆ ಮೆಡಿಟರೇನಿಯನ್ ತೀರದ ಪಟ್ಟಣಗಳ ಬೀದಿಗಳಲ್ಲಿ ಇಂದಿಗೂ ಮಾರಾಟವಾಗುತ್ತದೆ. ಭಾರತದಲ್ಲಿ ಈ ಸಿಹಿಯ ತೀರ ಹಳೆಯ ಉಲ್ಲೇಖಗಳಲ್ಲಿ ಒಂದು ಸಿಕ್ಕುವುದು ಜೈನ ಕೃತಿಯಲ್ಲಿ: ಹದಿನೈದನೆಯ ಶತಮಾನದ ಜಿನಸೂರನ 'ಪ್ರಿಯಂಕರನೃಪಕಥಾ'ದಲ್ಲಿ ವರ್ತಕನೊಬ್ಬನ ಮನೆಯ ಔತಣದ ಭಕ್ಷ್ಯಗಳ ನಡುವೆ ಅದರ ಹೆಸರು ಬರುತ್ತದೆ. ಅರಬಿ ಸಿಹಿಯೊಂದು ಜೈನ ವರ್ತಕನ ಎಲೆಯ ಮೇಲೆ ಬಂದು ಕುಳಿತದ್ದು ವ್ಯಾಪಾರದ ಮಾರ್ಗದಿಂದಲೇ. ಇದಕ್ಕೆ ಪ್ರತಿಯಾಗಿ ಹೋದ ಪದಗಳೂ ಇವೆ. ಸಂಸ್ಕೃತದ ಶರ್ಕರಾ ಪ್ರಾಕೃತದಲ್ಲಿ ಸಕ್ಕರ, ಕನ್ನಡದಲ್ಲಿ ಸಕ್ಕರೆ; ಪಶ್ಚಿಮಕ್ಕೆ ಹೋಗಿ ಪಾರಸಿಯಲ್ಲಿ ಶಕರ್, ಅರಬಿಯಲ್ಲಿ ಸುಕ್ಕರ್, ಇಟಲಿಯಲ್ಲಿ ಝುಕ್ಕೆರೋ. ನಿಂಬೂಕವು ಲೀಮೂ, ಲೈಮೂನ್ ಆಗಿ ಇಟಲಿಯ ಲಿಮೋನೆ ಆಯಿತು. ಇಂಡಿಯ ಲಿಂಬೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದಾಗ ಪತ್ರಿಕೆಗಳು ಅದರ ರಸ, ಸಿಪ್ಪೆ, ಮಾರುಕಟ್ಟೆಗಳ ಬಗ್ಗೆ ಬರೆದವು. ಆ ಕುಲದ ಹಣ್ಣು ಅರಬರ ಕೈಯಲ್ಲಿ ಮೆಡಿಟರೇನಿಯನ್ ಸುತ್ತಿದ ಕಥೆಗೂ ನಾಲ್ಕು ಸಾಲು ಸಲ್ಲಬೇಕಿತ್ತು.

ಈಗ ಸಂತೆಗೆ ಬರಬಹುದು. ಶ್ರಾವಣದಲ್ಲಿ ನಡೆಯುವ ಬಸವನ ಬಾಗೇವಾಡಿಯ ಜಾತ್ರೆಯಾಗಲಿ, ಸಿಂದಗಿ ಸೀಮೆಯ ಗೋಲಗೇರಿ ಗೊಲ್ಲಾಳೇಶ್ವರನ ಜಾತ್ರೆಯಾಗಲಿ, ಮಾರಾಟದ ಸಾಲುಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಿಳಿಯ ರಾಶಿಗಳು: ಚುರಮರಿ, ಬೆಂಡು, ಬತ್ತಾಸು. ಅವುಗಳ ಪಕ್ಕಕ್ಕೆ ಪುಠಾಣಿ, ಶೇಂಗಾ, ಖಾರಾದಾಣಿ, ಶೇವು, ಉತ್ತತ್ತಿ, ಬೂಂದಿ ಉಂಡಿ. ಇವೆಲ್ಲಕ್ಕೂ ಸೇರಿ ಇಲ್ಲಿಯ ಜನ ಬಳಸುವ ಪದ 'ಫಳಾರ'. ಸಂಸ್ಕೃತದ ಫಲಾಹಾರ ಉಪವಾಸದ ಹಣ್ಣುಹಂಪಲಾಗಿದ್ದದ್ದು ಇಲ್ಲಿ ಜಾತ್ರೆಯ ಒಣ ತಿನಿಸಾಯಿತು. ಅರ್ಥ ಬದಲಾದರೂ ಹಳೆಯ ಅರ್ಥದ ಒಂದು ಗುಣ ಪದದೊಳಗೆ ಉಳಿದುಕೊಂಡಿದೆ. ಹಣ್ಣಿಗೆ ಮೈಲಿಗೆಯಿಲ್ಲ; ಫಳಾರಕ್ಕೂ ಇಲ್ಲ. ಜಾತ್ರೆಗೆ ಹೋದವರು ಫಳಾರ ತಂದು ಓಣಿಯಲ್ಲೆಲ್ಲ ಹಂಚುವುದು ಇಂದಿಗೂ ನಡೆದುಬಂದ ಪದ್ಧತಿ. ಹಂಚುವವರ ಜಾತಿಯನ್ನು ಕೇಳಿ ಬೆಂಡು ಬತ್ತಾಸನ್ನು ಹಿಂದಕ್ಕೆ ಸರಿಸುವುದು ವಿರಳ. ಅದೇ ಮನೆಯಿಂದ ಒಂದು ತಂಬಿಗೆ ಮಜ್ಜಿಗೆ ಬಂದಿದ್ದರೆ ಮಾತು ಬೇರೆಯಾಗುತ್ತಿತ್ತು.

ಫಳಾರದ ಪ್ರತಿಯೊಂದು ಪದಾರ್ಥವೂ ಬಿಸಿ ಮರಳಿನಲ್ಲಿ ಹುರಿದದ್ದು, ಇಲ್ಲವೇ ಎಣ್ಣೆಯಲ್ಲಿ ಕರಿದದ್ದು, ಇಲ್ಲವೇ ಪಾಕ ಕಟ್ಟಿ ಒಣಗಿಸಿದ್ದು. ಸಕ್ಕರೆಯ ಪಾಕಕ್ಕೆ ಗಾಳಿ ಸೇರಿಸಿ ಉಬ್ಬಿಸಿದ ಬೆಂಡು ಹೆಸರಿಗೆ ತಕ್ಕಂತೆ ಹಗುರ. ನಾಲಗೆಯ ಮೇಲಿಟ್ಟರೆ ಕರಗಿ ಹೋಗುತ್ತದೆ. ಕಡಲೆಯನ್ನು ನೆನೆಸಿ, ಹುರಿದು, ಹೊಟ್ಟು ತೆಗೆದ ಪುಠಾಣಿಗೆ ತುರ್ಕಿಯ ಬೀದಿಗಳಲ್ಲಿ ಮಾರುವ ಲೆಬ್ಲೆಬಿ ಸಾಕ್ಷಾತ್ ಸೋದರ. ಒಣಹವೆಯ, ಕಡಲೆ ಬೆಳೆಯುವ ನಾಡುಗಳು ಪರಸ್ಪರ ಕೇಳದೆಯೂ ಒಂದೇ ಉತ್ತರಕ್ಕೆ ಬಂದಿರಬಹುದು. ಜೋಳದ ಅಳ್ಳು ಮಾತ್ರ ಅಪ್ಪಟ ಈ ಎರೆಯ ನೆಲದ್ದು. ಅರಳುವ ಕಾಳು ಅರಳು, ಆಡುಮಾತಿನಲ್ಲಿ ಅಳ್ಳು. ಅದನ್ನು ಬೀಸಿದ ಹಿಟ್ಟು ಅಳ್ಳಿಟ್ಟು. ಬೆಲ್ಲ ಕೂಡಿಸಿದ ಅಳ್ಳಿಟ್ಟು ನಾಗರಪಂಚಮಿಯ ತಿನಿಸು, ಜೊತೆಗೆ ಎಳ್ಳುಂಡಿ, ಶೇಂಗಾದ ಉಂಡಿ, ತಂಬಿಟ್ಟು. ಹಬ್ಬದ ದಿನ ಒಲೆಯ ಮೇಲೆ ಹೆಂಚಿಡಬಾರದೆಂಬ ನಂಬಿಕೆಗೂ ಈ ಮೊದಲೇ ಮಾಡಿಟ್ಟ ಒಣ ಉಂಡಿಗಳಿಗೂ ಹೊಂದಿಕೆಯಿದೆ.

ಒಣ ತಿನಿಸಿನ ಈ ಪ್ರಾಶಸ್ತ್ಯಕ್ಕೆ ಜೈನರ ಆಚಾರಗ್ರಂಥಗಳು ಒಂದು ಅಳತೆಗೋಲನ್ನು ಒದಗಿಸುತ್ತವೆ. ಭಕ್ಷ್ಯಾಭಕ್ಷ್ಯದ ವಿಚಾರದಲ್ಲಿ ದಿಗಂಬರ ಶ್ರಾವಕರು 'ಮರ್ಯಾದೆ' ಎಂಬ ಪದವನ್ನು ಕಾಲಮಿತಿಯ ಅರ್ಥದಲ್ಲಿ ಬಳಸುತ್ತಾರೆ. ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7. ನೀರು ಸೋಕದೆ ತುಪ್ಪ ಸಕ್ಕರೆಗಳಲ್ಲಿ ಕಟ್ಟಿದ ಉಂಡೆಗೆ ಹಿಟ್ಟಿನದೇ ಮರ್ಯಾದೆ. ನೀರು ಬೆರೆಸಿ ಬೇಯಿಸಿದ ಅನ್ನ, ಬೇಳೆಗಳಿಗೆ ದಿನದ ಕೆಲವು ಪ್ರಹರಗಳಷ್ಟೇ. ಕಾರಣ ಅಹಿಂಸೆ: ತೇವವಿದ್ದಲ್ಲಿ ಸೂಕ್ಷ್ಮಜೀವಗಳು ಹುಟ್ಟುತ್ತವೆ. ವೈದಿಕ ಮಡಿಯ ಲೆಕ್ಕವೂ ತೇವದ್ದೇ, ಆದರೆ ಅದರ ಕಾರಣ ಮುಟ್ಟು. ಹೇರಿನೊಡನೆ ದಿನಗಟ್ಟಲೆ ನಡೆಯುವ ವ್ಯಾಪಾರಿಯ ಲೆಕ್ಕವೂ ಅದೇ, ಅವನ ಕಾರಣ ಹಳಸುವಿಕೆ. ಮೂರು ಬೇರೆ ಬೇರೆ ಲೆಕ್ಕಗಳು ಒಂದೇ ಪೊಟ್ಟಣಕ್ಕೆ ಬಂದು ಮುಟ್ಟಿದ್ದರಿಂದ ಫಳಾರ ಬೀದಿಗೆ ಬಂತು. ಜೀವದಯೆಯವನೂ ಮಡಿಯವನೂ ದಾರಿಹೋಕನೂ ಒಂದೇ ತಕ್ಕಡಿಯ ಮುಂದೆ ನಿಂತರು. ಇವುಗಳಲ್ಲಿ ದಾರಿಯ ಅಗತ್ಯವೇ ಮೊದಲಿನದಾಗಿದ್ದು ಉಳಿದೆರಡು ಅದಕ್ಕೆ ತಾತ್ತ್ವಿಕ ಬೆಂಬಲವಾದವೆಂದು ಊಹಿಸಲು ಅವಕಾಶವಿದೆ. ಏಕೆಂದರೆ ಬಿಸಿಲು ಯಾವ ಆಚಾರಗ್ರಂಥಕ್ಕಿಂತಲೂ ಹಳೆಯದು.

ಇದರ ಇನ್ನೊಂದು ಮುಖ, ಬೀದಿಗೆ ಬಾರದ ಸಿಹಿಗಳು. ಹುಗ್ಗಿ, ಹೂರಣದ ಹೋಳಿಗೆ, ಕಡಬು, ಸಜ್ಜಕ, ಮಾದಲಿ: ಈ ಸೀಮೆಯ ನಿಜವಾದ ಹಬ್ಬದೂಟ ಇವೇ. ಗೋಧಿಯ ರೊಟ್ಟಿಯನ್ನು ಪುಡಿಮಾಡಿ ಬೆಲ್ಲ, ಪುಠಾಣಿ, ಏಲಕ್ಕಿ ಕೂಡಿಸಿದ ಮಾದಲಿ ಜಾತ್ರೆಯ ದಾಸೋಹಗಳಲ್ಲಿ ರಾಶಿಯಾಗಿ ಬೀಳುತ್ತದೆ. ಸಾವಿರಾರು ಜನ ಹಾಲು ತುಪ್ಪ ಹಾಕಿಕೊಂಡು ಉಣ್ಣುತ್ತಾರೆ. ಅದನ್ನು ಕೊಂಡು ತಿನ್ನುವ ಅಂಗಡಿ ಮೊನ್ನೆ ಮೊನ್ನೆಯವರೆಗೆ ಇರಲಿಲ್ಲ. ಎಳ್ಳ ಅಮಾವಾಸ್ಯೆಯಂದು ಸಜ್ಜೆಯ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಭಜ್ಜಿಪಲ್ಯಗಳನ್ನು ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಮೊದಲ ತುತ್ತು ಭೂಮಿಗೆ. ಉಳಿದದ್ದು ಕರೆದು ತಂದವರಿಗೆಲ್ಲ. ಕೊಡುವುದುಂಟು, ಕರೆಯುವುದುಂಟು, ಮಾರುವುದಿಲ್ಲ. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಹೊರತಂದ 'ಗರತಿಯ ಹಾಡು' ಬಹುಪಾಲು ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳ ಸಂಕಲನ. ಮನೆಯ ಹಿಟ್ಟಿನ ಹಿಂದೆ ಎಷ್ಟು ಬೆಳಗಿನ ಜಾವಗಳು ಸವೆದಿವೆಯೆಂಬುದಕ್ಕೆ ಅದು ಸಾಕ್ಷಿ. ಆ ದುಡಿಮೆಗೆ ಬೆಲೆ ಕಟ್ಟುವ ಪೇಟೆ ಇರಲಿಲ್ಲ. ಬೀದಿಯ ಸಿಹಿ ಗಂಡಸರ ಕೈಯದು, ಮನೆಯ ಸಿಹಿ ಹೆಂಗಸರ ಕೈಯದು ಎಂಬ ವಿಭಜನೆಯೂ ಹೀಗೆಯೇ ಗಟ್ಟಿಯಾಯಿತು. ಇಂದು ರೊಟ್ಟಿ, ಶೇಂಗಾ ಹೋಳಿಗೆಗಳನ್ನು ಮಹಿಳಾ ಸ್ವಸಹಾಯ ಸಂಘಗಳು ತೂಗಿ ಮಾರುತ್ತಿರುವುದು ಸಣ್ಣ ಬದಲಾವಣೆಯೇನಲ್ಲ.

ಒಣತನದ ನಿಯಮವನ್ನು ಬೀದಿಯಲ್ಲಿ ಮೊದಲು ಸಡಿಲಿಸಿದ್ದು ಮಿರ್ಚಿ ಭಜಿ. ಎರೆಯ ನೆಲದ ಕಡಲೆಯ ಹಿಟ್ಟು, ಅದೇ ನೆಲದ ಕುಸುಬೆಯ ಎಣ್ಣೆ, ನಡುವೆ ಹಸಿ ಮೆಣಸಿನಕಾಯಿ. ಮೊದಲೆರಡು ಈ ನೆಲಕ್ಕೆ ಹಳಬರು. ಕಡಲೆ ಹಿಟ್ಟಿನ ಕರಿದ ಭಕ್ಷ್ಯಗಳು ಮಾನಸೋಲ್ಲಾಸದಲ್ಲಿಯೇ ಇವೆ. ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಕಿತ್ತುಕೊಂಡದ್ದು ವಿಜಯಪುರದ ಆದಿಲಶಾಹಿಯಿಂದಲೇ. ಬಂದರು ಕಳೆದುಕೊಂಡ ರಾಜ್ಯಕ್ಕೆ ಆ ಬಂದರಿನ ದಾರಿಯಾಗಿಯೇ ಮೆಣಸಿನಕಾಯಿ ತಲುಪಿರಬೇಕು. 1508ರ ಮಂಗರಸನ ಅಡುಗೆಯ ಖಾರ ಕರಿಮೆಣಸಿನದು. ಮಿರ್ಚಿ ಭಜಿಯನ್ನು ಉತ್ತರ ಕರ್ನಾಟಕದ ಸನಾತನ ತಿನಿಸೆಂದು ಭಾವಿಸುವವರಿಗೆ ಈ ಎರಡು ಇಸವಿಗಳು ಸಾಕು. ಹಿಟ್ಟಿಗೆ ನೀರು ಬೆರೆತರೂ ಎಣ್ಣೆಯಲ್ಲಿ ಕರಿದದ್ದಕ್ಕೆ ಮಡಿಯ ಬಿಗಿ ಕಡಿಮೆ ಎಂಬ ರಿಯಾಯಿತಿಯಿಂದ ಭಜಿ ಸಂತೆಯಲ್ಲಿ ನೆಲೆಯೂರಿತು. ಒಗ್ಗರಣೆ ಹಾಕಿದ ತೋಯ್ದ ಚುರಮರಿಯಾದ ಸುಸಲಾ ಅದರ ಸಂಗಾತಿಯಾಯಿತು. ಇಡ್ಲಿಯ ಕಥೆ ಇದಕ್ಕೆ ತಿರುವುಮುರುವು. ಹತ್ತನೆಯ ಶತಮಾನದ 'ವಡ್ಡಾರಾಧನೆ'ಯಲ್ಲಿ ಇಡ್ಡಲಿಗೆಯ ಹೆಸರಿದ್ದರೂ, ಈ ಜೋಳದ ಸೀಮೆಗೆ ಇಡ್ಲಿ ಬಂದದ್ದು ಕಳೆದ ಶತಮಾನದ ಹೋಟೆಲುಗಳ ತಿಂಡಿಯಾಗಿ.

ಪಾನೀಯಗಳದು ಕಠಿಣವಾದ ವಿಷಯ. ತಿನಿಸನ್ನು ಒಣಗಿಸಬಹುದು, ಕುಡಿಯುವುದನ್ನು ಒಣಗಿಸಲಾಗದು. ಬಹುಕಾಲ ಈ ಸೀಮೆಯಲ್ಲಿ ಪಾನೀಯವೆಂದರೆ ಮನೆಯ ಅಂಬಲಿ, ಮಜ್ಜಿಗೆ, ಬೆಲ್ಲ ನೀರು. ಯುಗಾದಿಯ ಬೇವು ಕೂಡ ಇಲ್ಲಿ ಕುಡಿಯುವ ಪದಾರ್ಥ: ಹುಣಸೆ ರಸ, ಬೆಲ್ಲ, ಬೇವಿನ ಹೂ, ಪುಠಾಣಿ ಹಿಟ್ಟು ಕೂಡಿಸಿ ಗಡಿಗೆಯಲ್ಲಿ ಕಲಸಿ ಓಣಿಯ ಬಳಗಕ್ಕೆ ಹಂಚುತ್ತಾರೆ. ಕುರಿಯ ಹಿಕ್ಕೆಯನ್ನೇ ಲಿಂಗವೆಂದು ಬಗೆದು ಹಾಲೆರೆದ ಗೋಲಗೇರಿಯ ಗೊಲ್ಲಾಳನ ಕಥೆ ಪ್ರಚಲಿತವಾದ ಊರುಗಳಲ್ಲಿ ಹಾಲು ಮಜ್ಜಿಗೆಗಳನ್ನು ಮಾರುವುದಕ್ಕೆ ಹಿಂಜರಿಕೆಯೂ ಇತ್ತು; ಕೇಳಿದವರಿಗೆ ಮಜ್ಜಿಗೆಯನ್ನು ಹಾಗೆಯೇ ಕೊಡುವುದು ವಾಡಿಕೆ. ದಾನ ಉದಾರವಾಗಿ ಕಂಡರೂ ಅದರೊಳಗೆ ಒಂದು ಏಣಿಯಿದೆ. ಅರವಟ್ಟಿಗೆಯಲ್ಲಿ ನೀರು ಉಚಿತ, ಆದರೆ ತಂಬಿಗೆ ಎಲ್ಲರಿಗೂ ಒಂದೇ ಅಲ್ಲ. ಕೆಲವರಿಗೆ ಎತ್ತರದಿಂದ ಬೊಗಸೆಗೆ ಎರೆಯುವ ಪದ್ಧತಿ ಇತ್ತು. ಹಣ ಕೊಟ್ಟು ಕೊಳ್ಳುವವನು 'ನನಗೂ ಅದೇ ಲೋಟ' ಎನ್ನಬಹುದು. ದಾನ ಪಡೆಯುವವನಿಗೆ ಆ ಮಾತಿನ ಅವಕಾಶವಿಲ್ಲ.

ಹೀಗಾಗಿ ಮಾರಾಟದ ಪಾನೀಯ ಬಂದದ್ದು ಸಾಮಾಜಿಕವಾಗಿಯೂ ಒಂದು ಘಟನೆ. 1884ರಲ್ಲಿ ಹೋಟಗಿ–ಗದಗ ರೈಲುಮಾರ್ಗ ತೆರೆದು ಇಂಡಿ ರಸ್ತೆ, ಬಸವನ ಬಾಗೇವಾಡಿ ರಸ್ತೆ ಎಂಬ ನಿಲ್ದಾಣಗಳು ಊರುಗಳಿಂದ ದೂರದಲ್ಲಿ ಹುಟ್ಟಿಕೊಂಡವು. ಸಿಂದಗಿ, ಮುದ್ದೇಬಿಹಾಳಗಳಿಗೆ ರೈಲು ಬರಲಿಲ್ಲ. ಗೋಲಿ ಸೋಡಾದ ಬಾಟಲಿ ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಹಕ್ಕುಪತ್ರ ಪಡೆದ ಯಂತ್ರಕೌಶಲ: ಒಳಗಿನ ಅನಿಲವೇ ಗಾಜಿನ ಗೋಲಿಯನ್ನು ಬಾಯಿಗೆ ಒತ್ತಿ ಹಿಡಿಯುತ್ತದೆ. ಜಾತ್ರೆಯಲ್ಲಿ ಅದರ ಠಪ್ಪೆಂಬ ಸದ್ದಿಗೆ ಮಕ್ಕಳು ಕುಣಿದರು. ಯಾರ ಬಾವಿಯ ನೀರೆಂಬ ಪ್ರಶ್ನೆಯನ್ನು ಆ ಗೋಲಿ ಬಾಟಲಿಯೊಳಗೇ ಮುಚ್ಚಿಟ್ಟಿತು. ಇಂಡಿಯ ಲಿಂಬೆ ಅದಕ್ಕೆ ಸೇರಿದಾಗ ಉಪ್ಪಿನ ಸೋಡಾ, ಸಕ್ಕರೆ ಸೋಡಾಗಳು ಬೇಸಿಗೆಯ ಬಸ್ ನಿಲ್ದಾಣಗಳ ಖಾಯಂ ಪಾನೀಯಗಳಾದವು. ಕಾಲುವೆಯ ನೀರು ಹರಿದ ಮೇಲೆ ಕಬ್ಬಿನಹಾಲಿನ ಗಾಣಗಳೂ ರಸ್ತೆಬದಿಗೆ ಬಂದವು. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟಾಗ ಬಾಗೇವಾಡಿ ಸೀಮೆಯಲ್ಲಿ ಕಬ್ಬಿನ ರಸ ಬೀದಿಬದಿಯ ಮಾತಾಗುವುದೆಂದು ಎಣಿಸಿದವರು ಕಡಿಮೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಚಹಾದ್ದು. ಬ್ರಿಟಿಷರ ಕಾಲದಲ್ಲಿ, 1903ರಲ್ಲಿ ರಚನೆಯಾದ ಚಹಾ ಸೆಸ್ ಸಮಿತಿ ರೈಲುನಿಲ್ದಾಣ, ಕಾರ್ಖಾನೆಗಳಲ್ಲಿ ಚಹಾವನ್ನು ಜನಪ್ರಿಯಗೊಳಿಸಲು ದುಡ್ಡು ಸುರಿಯಿತು. ಹಳ್ಳಿಗೆ ಅದು ಚಾದಂಗಡಿಯಾಗಿ ಬಂತು. ಅಂಬಲಿಯಂತೆ ಚಹಾ ನೀರಿನದು, ಬೆಂದದ್ದು, ಬೇರೊಬ್ಬರ ಪಾತ್ರೆಯದು. ಚೆನ್ನಯ್ಯನ ಕಥೆಯ ಮೂರೂ ಅಂಶಗಳು ಕಪ್ಪು ಬಶಿಯಲ್ಲಿ ಕೂಡಿಕೊಂಡವು. ಆದ್ದರಿಂದ ಜಗಳವೂ ಅಲ್ಲಿಯೇ ನಿಂತಿತು. ಅನೇಕ ಹಳ್ಳಿಗಳ ಚಾದಂಗಡಿಗಳಲ್ಲಿ ದಲಿತರಿಗೆ ಬೇರೆ ಕಪ್ಪು, ಹೊರಗಿನ ಕಟ್ಟೆ, ಕುಡಿದ ಮೇಲೆ ತಾವೇ ತೊಳೆದಿಡುವ ನಿಯಮ. 1950ರ ಸಂವಿಧಾನದ 15ನೆಯ ವಿಧಿ ಅಂಗಡಿ, ಉಪಾಹಾರಗೃಹ, ಹೋಟೆಲುಗಳ ಪ್ರವೇಶವನ್ನೂ, ಬಾವಿ ಕೆರೆಗಳ ಬಳಕೆಯನ್ನೂ ಹೆಸರಿಸಿಯೇ ಹೇಳಿದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದಕ್ಕೆ ಶಿಕ್ಷೆಯನ್ನು ಸೇರಿಸಿತು. ರಾಷ್ಟ್ರದ ಮೂಲ ಕಾನೂನು ಮಿಠಾಯಿ ಅಂಗಡಿ, ಚಾದಂಗಡಿಗಳವರೆಗೆ ಇಳಿದು ಮಾತಾಡಬೇಕಾಯಿತೆಂಬುದು ಈ ತಿನಿಸುಗಳ ಚರಿತ್ರೆಕಾರನಿಗೆ ಶಾಸನದಷ್ಟೇ ಮುಖ್ಯವಾದ ಆಧಾರ. ಕಾನೂನು ಬಂದ ಮೇಲೂ ಎರಡು ಲೋಟದ ಪದ್ಧತಿ ದಶಕಗಳ ಕಾಲ ಉಳಿಯಿತು. ಬಸವಣ್ಣ ಹುಟ್ಟಿದ ಸೀಮೆ ಇದಕ್ಕೆ ಹೊರತಾಗಿರಲಿಲ್ಲ.

ಇಂದು ನಾಲ್ಕೂ ಊರುಗಳ ಬಸ್ ನಿಲ್ದಾಣಗಳ ಹೊರಗೆ ಚಹಾ ಬರುವುದು ಬೊಗಸೆಗಿಂತಲೂ ಚಿಕ್ಕದಾದ ಕಾಗದದ ಕಪ್ಪಿನಲ್ಲಿ. ಕುಡಿದು ಎಸೆದರಾಯಿತು, ತೊಳೆಯುವ ಮಾತಿಲ್ಲ, ಬೇರೆ ಗೂಡಿನ ಮಾತಿಲ್ಲ. ಅಗ್ಗದ ಕಪ್ಪು ಮತ್ತು ನೀರಿನ ಉಳಿತಾಯಕ್ಕಾಗಿ ಅಂಗಡಿಯವರು ಇದನ್ನು ಆರಿಸಿಕೊಂಡರೇ ಹೊರತು ಯಾರ ಉಪದೇಶದಿಂದಲೂ ಅಲ್ಲ. ಅದೇ ಅಂಗಡಿಗಳಲ್ಲಿ ಕೆಲವು ಗಿರಾಕಿಗಳಿಗಾಗಿ ಇನ್ನೂ ಗಾಜಿನ ಲೋಟ, ಪಿಂಗಾಣಿಯ ಬಶಿಗಳನ್ನು ಒಳಗಿನ ಹಲಗೆಯ ಮೇಲೆ ಇಟ್ಟಿರುತ್ತಾರೆ. ಅವು ಯಾರಿಗಾಗಿ ಕೆಳಗಿಳಿಯುತ್ತವೆ ಎಂಬುದನ್ನು ಅರ್ಧ ಗಂಟೆ ಬೆಂಚಿನ ಮೇಲೆ ಕುಳಿತು ನೋಡಬಹುದು.